ಒಂದು ಪದದ ಬೆನ್ನು ಹಿಡಿದು: ಆಪರೇಟಿಂಗ್ ಸಿಸ್ಟಂ ಕೆಲಸವನ್ನು ಕಣ್ಣಾರೆ ನೋಡುವ ಬಗೆ

ಆಪರೇಟಿಂಗ್ ಸಿಸ್ಟಂ ಎಂದರೆ ಯಂತ್ರಾಂಶಕ್ಕೂ ಬಳಕೆದಾರನಿಗೂ ನಡುವಿನ ಸೇತುವೆ ಎಂಬ ವಾಕ್ಯವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ವಾಕ್ಯ ತಪ್ಪಲ್ಲ, ಆದರೆ ಅದನ್ನು ಓದಿದವರ ಮನಸ್ಸಿನಲ್ಲಿ ನಿಲ್ಲುವ ಚಿತ್ರ ಸಾಮಾನ್ಯವಾಗಿ ತಪ್ಪಾಗಿರುತ್ತದೆ. ಆಪರೇಟಿಂಗ್ ಸಿಸ್ಟಂ ಎಂಬ ದೊಡ್ಡ ಪ್ರೋಗ್ರಾಂ ಒಂದು ಸದಾ ಓಡುತ್ತಾ, ಉಳಿದ ಪ್ರೋಗ್ರಾಂಗಳ ಮೇಲೆ ಕಣ್ಣಿಟ್ಟು, ಒಂದೊಂದಕ್ಕೂ ಅಪ್ಪಣೆ ಕೊಡುತ್ತಾ ಕುಳಿತಿರುತ್ತದೆ ಎಂದು ನಾವು ಕಲ್ಪಿಸಿಕೊಳ್ಳುತ್ತೇವೆ. ನಿಜಸ್ಥಿತಿ ಹೆಚ್ಚುಕಡಿಮೆ ಇದಕ್ಕೆ ವಿರುದ್ಧವಾದದ್ದು. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ತಾನಾಗಿ ಓಡುವುದು ಬಹಳ ಕಡಿಮೆ. ಯಾವುದಾದರೊಂದು ಪ್ರೋಗ್ರಾಂ ಕರೆದಾಗ, ಇಲ್ಲವೇ ಯಂತ್ರದ ಯಾವುದಾದರೊಂದು ಭಾಗ ಗಂಟೆ ಬಾರಿಸಿದಾಗ ಅದು ಎದ್ದು ಬಂದು, ಆ ಕ್ಷಣದ ಕೆಲಸ ಮುಗಿಸಿ, ಪ್ರೊಸೆಸರನ್ನು ಮತ್ತೆ ಪ್ರೋಗ್ರಾಂನ ಕೈಗೆ ಒಪ್ಪಿಸಿ ಹಿಂದೆ ಸರಿಯುತ್ತದೆ.

ಈ ಒಂದು ಸಂಗತಿ ಮನಸ್ಸಿಗೆ ಹತ್ತಿದರೆ ಉಳಿದ ವಿನ್ಯಾಸದ ಗಂಟುಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ ಎಂಬುದು ನನ್ನ ಅನುಭವ. ಆದರೆ ಓದಿದ ಮಾತ್ರಕ್ಕೆ ಅದು ಹತ್ತುವುದಿಲ್ಲ, ನೋಡಬೇಕು. ಆದ್ದರಿಂದ ಈ ಲೇಖನದಲ್ಲಿ ‘ಕನ್ನಡ’ ಎಂಬ ಒಂದೇ ಪದವನ್ನು ಲಿನಕ್ಸ್ ಯಂತ್ರಕ್ಕೆ ಕೊಟ್ಟು, ಅದು ಪರದೆಗೂ ಡಿಸ್ಕಿಗೂ ಹೋಗುವ ದಾರಿಯಲ್ಲಿ ಅದರ ಬೆನ್ನು ಹಿಡಿಯೋಣ.

ಸಿದ್ಧತೆ

ಲಿನಕ್ಸ್ ಅನ್ನು ಆರಿಸಿಕೊಂಡಿರುವುದಕ್ಕೆ ಕಾರಣ ಅದರ ಒಳಗು ತೆರೆದಿದೆ ಎಂಬುದು. ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರ ಆಗಸ್ಟ್ 25ರಂದು ಪ್ರಕಟಪಡಿಸಿದ ಈ ಕರ್ನಲ್‌ನ ವಂಶವೇ ಇಂದು ಪ್ರತಿ ಆಂಡ್ರಾಯ್ಡ್ ಫೋನಿನಲ್ಲಿಯೂ ಇದೆ. ಹಾಗಾಗಿ ಇಲ್ಲಿ ಕಲಿತದ್ದು ನಿಮ್ಮ ಜೇಬಿನಲ್ಲಿರುವ ಸಾಧನಕ್ಕೂ ಬಹುಮಟ್ಟಿಗೆ ಅನ್ವಯಿಸುತ್ತದೆ. ನಿಮ್ಮಲ್ಲಿ ಲಿನಕ್ಸ್ ಇಲ್ಲದಿದ್ದರೆ ಉಬುಂಟುವನ್ನು ಪೆನ್‌ಡ್ರೈವಿನಿಂದಲೇ ಓಡಿಸಬಹುದು, ಅಥವಾ ವಿಂಡೋಸ್‌ನಲ್ಲಿರುವ ಡಬ್ಲ್ಯುಎಸ್‌ಎಲ್‌ನ ಎರಡನೆಯ ಆವೃತ್ತಿಯನ್ನು ಬಳಸಬಹುದು. ಅದರೊಳಗೆ ನಿಜವಾದ ಲಿನಕ್ಸ್ ಕರ್ನಲ್ ಓಡುತ್ತದೆ.

ಉಬುಂಟುವಿನಲ್ಲಿ ಕಂಟ್ರೋಲ್, ಆಲ್ಟ್, ಟಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟರ್ಮಿನಲ್ ತೆರೆಯುತ್ತದೆ. ಇಲ್ಲಿ ಆದೇಶಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ. ನೀವು ಅವನ್ನು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ‘ಸ್ಟ್ರೇಸ್’ ಎಂಬ ಒಂದು ಉಪಕರಣ ನಮಗೆ ಅಗತ್ಯ. ಎಸ್ ಅಕ್ಷರದ ಮುಂದೆ ಟ್ರೇಸ್ ಎಂದು ಬರೆದರೆ ಅದರ ಕಾಗುಣಿತ ಸಿಗುತ್ತದೆ. ಅದು ಇಲ್ಲದಿದ್ದರೆ ‘ಸುಡೊ ಆಪ್ಟ್ ಇನ್‌ಸ್ಟಾಲ್ ಸ್ಟ್ರೇಸ್’ ಎಂದು ಕೊಟ್ಟು ಹಾಕಿಕೊಳ್ಳಿ.

ಹೆಜ್ಜೆ 1: ಪದವನ್ನು ತೂಗಿ ನೋಡುವುದು

‘ಎಕೋ’ ಆದೇಶವನ್ನು ಬರೆದು, ಒಂದು ಜಾಗ ಬಿಟ್ಟು, ಕನ್ನಡ ಕೀಲಿಮಣೆಯಿಂದ ‘ಕನ್ನಡ’ ಎಂದು ಬರೆಯಿರಿ. ಬಳಿಕ ನೆಟ್ಟಗಿನ ಗೆರೆಯ ಚಿಹ್ನೆಯನ್ನು ಹಾಕಿ, ‘ಡಬ್ಲ್ಯುಸಿ’ ಎಂಬ ಆದೇಶವನ್ನು ಮೈನಸ್ ಸಿ ಆಯ್ಕೆಯೊಂದಿಗೆ ಕೊಡಿ. ಉತ್ತರವಾಗಿ 16 ಎಂಬ ಸಂಖ್ಯೆ ಬರುತ್ತದೆ.

ಕಣ್ಣಿಗೆ ಮೂರೇ ಅಕ್ಷರಗಳು ಕಾಣುವಾಗ ಹದಿನಾರು ಎಲ್ಲಿಂದ ಬಂತು? ಯೂನಿಕೋಡ್‌ನಲ್ಲಿ ಈ ಪದ ಕ, ನ, ಹಲಂತ ಚಿಹ್ನೆ, ಇನ್ನೊಂದು ನ, ಡ ಎಂಬ ಐದು ಸಂಕೇತಗಳಾಗಿ ದಾಖಲಾಗುತ್ತದೆ. ಯುಟಿಎಫ್-8 ಕ್ರಮದಲ್ಲಿ ಪ್ರತಿಯೊಂದು ಕನ್ನಡ ಸಂಕೇತವೂ ಮೂರು ಬೈಟ್‌ಗಳನ್ನು ತೆಗೆದುಕೊಳ್ಳುವುದರಿಂದ ಹದಿನೈದಾಯಿತು. ಸಾಲು ಮುಗಿಯಿತೆಂದು ಎಕೋ ಸೇರಿಸುವ ಒಂದು ಬೈಟ್ ಹದಿನಾರನೆಯದು. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ. ಮುಂದಿನ ದಾರಿಯಲ್ಲಿ ನಾವು ಪದವನ್ನು ಗುರುತಿಸುವುದು ಅದರ ರೂಪದಿಂದಲ್ಲ, ಈ ತೂಕದಿಂದ.

ಹೆಜ್ಜೆ 2: ಕರೆಯನ್ನು ಕೇಳಿಸಿಕೊಳ್ಳುವುದು

ಈಗ ‘ಸ್ಟ್ರೇಸ್ ಎಕೋ ಕನ್ನಡ’ ಎಂದು ಕೊಡಿ. ಒಂದು ಪದ ಬರುವ ಬದಲು ಹತ್ತಾರು ಸಾಲುಗಳು ಸುರಿಯುತ್ತವೆ. ಗಾಬರಿಯಾಗಬೇಕಾಗಿಲ್ಲ. ಪ್ರತಿ ಸಾಲೂ ಆ ಪ್ರೋಗ್ರಾಂ ಕರ್ನಲ್‌ಗೆ ಮಾಡಿದ ಒಂದು ವಿನಂತಿ. ಇದನ್ನೇ ಸಿಸ್ಟಂ ಕಾಲ್ ಎನ್ನುತ್ತಾರೆ. ಮೊದಲ ಸಾಲಿನ ‘ಎಕ್ಸೆಕ್‌ವಿಇ’ ಎಂಬುದು ಪ್ರೋಗ್ರಾಂ ಹುಟ್ಟಿದ್ದನ್ನೂ ಕೊನೆಯ ಸಾಲು ಅದು ಮುಗಿದದ್ದನ್ನೂ ಹೇಳುತ್ತವೆ. ನಡುವಿನ ಬಹುಪಾಲು ಸಾಲುಗಳು ಪ್ರೋಗ್ರಾಂ ತನಗೆ ಬೇಕಾದ ಲೈಬ್ರರಿಗಳನ್ನು ಮೆಮೊರಿಗೆ ತರಿಸಿಕೊಳ್ಳುವ ಓಡಾಟ.

ಕೊನೆಯ ಕೆಲವು ಸಾಲುಗಳಲ್ಲಿ ‘ರೈಟ್’ ಎಂದು ಆರಂಭವಾಗುವ ಒಂದು ಸಾಲನ್ನು ಹುಡುಕಿ. ಆವರಣದೊಳಗೆ ಮೊದಲು 1 ಎಂಬ ಸಂಖ್ಯೆ, ಆಮೇಲೆ ಉದ್ಧರಣ ಚಿಹ್ನೆಗಳ ನಡುವೆ 340, 262, 225 ಎಂದು ಆರಂಭವಾಗುವ ಸಂಖ್ಯೆಗಳ ಸಾಲು, ಅದರ ನಂತರ 16, ಆವರಣದ ಆಚೆಗೆ ಮತ್ತೊಮ್ಮೆ 16 ಇರುತ್ತವೆ. 340, 262, 225 ಎಂಬುದು ಎಂಟರ ಮಾನದಲ್ಲಿ ಬರೆದ ‘ಕ’. ಮುಂದೆ 340, 262, 250 ಎಂಬುದು ‘ನ’. ನಮ್ಮ ಪದ ಸಿಕ್ಕಿತು. ಇಡೀ ಸಾಲಿನ ಅರ್ಥ ಇಷ್ಟು: ‘ಒಂದನೆಯ ಬಾಗಿಲಿಗೆ ಈ ಹದಿನಾರು ಬೈಟ್‌ಗಳನ್ನು ಬರೆ’ ಎಂದು ಪ್ರೋಗ್ರಾಂ ಕೇಳಿತು, ‘ಹದಿನಾರನ್ನೂ ಪಡೆದೆ’ ಎಂದು ಕರ್ನಲ್ ಉತ್ತರಿಸಿತು. ಒಂದನೆಯ ಬಾಗಿಲು ಎಂದರೆ ಪ್ರೋಗ್ರಾಂನ ಬರಹ ಹೊರಹೋಗುವ ದಾರಿ; ಸಾಮಾನ್ಯವಾಗಿ ಅದು ಪರದೆಯತ್ತ ತೆರೆದಿರುತ್ತದೆ.

ಕರ್ನಲ್‌ಗೆ ಕನ್ನಡ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ. ನ ಅಕ್ಷರಕ್ಕೆ ಒತ್ತು ಎಲ್ಲಿ ಕೂರಬೇಕೆಂದು ತೀರ್ಮಾನಿಸುವುದು ಕರ್ನಲ್‌ನ ಹೊರಗೆ, ಹಾರ್ಫ್‌ಬಜ್‌ನಂತಹ ಅಕ್ಷರಜೋಡಣೆಯ ಲೈಬ್ರರಿಯಲ್ಲಿ. ನಿಮ್ಮ ಟರ್ಮಿನಲ್‌ನಲ್ಲಿ ಒತ್ತಕ್ಷರ ಒಡೆದು ಕಂಡರೆ ಅದು ಅಕ್ಷರಗಳನ್ನು ಸಮನಾದ ಚೌಕಗಳಲ್ಲಿ ಕೂರಿಸಲು ಹೋಗುವ ಟರ್ಮಿನಲ್‌ನ ದೋಷ. ಕೆಳಗೆ ಬೈಟ್‌ಗಳು ಸರಿಯಾಗಿಯೇ ಇವೆ. ಸಾಗಿಸುವ ಕೆಲಸ ಕರ್ನಲ್‌ಗೆ, ಅರ್ಥ ಹಚ್ಚುವ ಕೆಲಸ ಹೊರಗಿನವರಿಗೆ ಎಂಬ ಈ ಹಂಚಿಕೆ ನನಗೆ ಬಹಳ ಮೆಚ್ಚುಗೆಯಾದ ವಿನ್ಯಾಸ. ಯೂನಿಕೋಡ್ ಹುಟ್ಟುವ ಎಷ್ಟೋ ವರ್ಷಗಳ ಮೊದಲು, 1969ರಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ರೂಪಿಸಲು ತೊಡಗಿದ ಯೂನಿಕ್ಸ್‌ನ ಪದ್ಧತಿಯಲ್ಲಿಯೇ ನಮ್ಮ ಲಿಪಿ ಇಂದು ಅಡೆತಡೆಯಿಲ್ಲದೆ ಓಡಾಡುತ್ತಿರುವುದಕ್ಕೆ ಇದೇ ಕಾರಣ.

ಪ್ರೋಗ್ರಾಂ ನೇರವಾಗಿ ಪರದೆಗೆ ಬರೆಯದೆ ಹೀಗೆ ಕೇಳಿಕೊಳ್ಳುವುದೇಕೆ? ಕೇಳದೆ ಅದಕ್ಕೆ ದಾರಿಯಿಲ್ಲ. ಪ್ರೊಸೆಸರ್‌ನಲ್ಲಿಯೇ ಅಧಿಕಾರದ ಬೇರೆ ಬೇರೆ ದರ್ಜೆಗಳಿವೆ. ಇಂಟೆಲ್ ಮಾದರಿಯ ಪ್ರೊಸೆಸರ್‌ಗಳಲ್ಲಿ ಸಾಮಾನ್ಯ ಪ್ರೋಗ್ರಾಂಗಳು 3ನೆಯ ದರ್ಜೆಯಲ್ಲಿಯೂ ಕರ್ನಲ್ 0 ದರ್ಜೆಯಲ್ಲಿಯೂ ಓಡುತ್ತವೆ. ಸಾಧನಗಳನ್ನು ಮುಟ್ಟುವ, ಮೆಮೊರಿಯ ನಕ್ಷೆಯನ್ನು ಬದಲಿಸುವ ಸೂಚನೆಗಳನ್ನು 3ನೆಯ ದರ್ಜೆಯಲ್ಲಿ ಕೊಟ್ಟರೆ ಪ್ರೊಸೆಸರ್ ಅವನ್ನು ನಡೆಸುವುದಿಲ್ಲ. ಕೂಡಲೇ ಕರ್ನಲ್ ಅನ್ನು ಎಬ್ಬಿಸುತ್ತದೆ. ಹಿಂದಿನ ಎಂಎಸ್-ಡಾಸ್ ಓಡುತ್ತಿದ್ದ 8086 ಪ್ರೊಸೆಸರಿನಲ್ಲಿ ಈ ಭೇದವೇ ಇರಲಿಲ್ಲ. ಅಲ್ಲಿ ಯಾವ ಪ್ರೋಗ್ರಾಂ ಬೇಕಾದರೂ ಮೆಮೊರಿಯ ಯಾವ ಮೂಲೆಗೆ ಬೇಕಾದರೂ ಬರೆಯಬಹುದಿತ್ತು.

3ರಿಂದ 0ಗೆ ಹೋಗುವ ದಾರಿ ‘ಸಿಸ್‌ಕಾಲ್’ ಎಂಬ ಒಂದು ಸೂಚನೆ. ಪ್ರೋಗ್ರಾಂ ತನಗೆ ಬೇಕಾದ ಸೇವೆಯ ಸಂಖ್ಯೆಯನ್ನು ಒಂದು ರಿಜಿಸ್ಟರಿನಲ್ಲಿ, ಅಂದರೆ ಪ್ರೊಸೆಸರಿನೊಳಗಿನ ಪುಟ್ಟ ಸಂಗ್ರಹಸ್ಥಾನದಲ್ಲಿ, ಇಡುತ್ತದೆ. 64 ಬಿಟ್ ಇಂಟೆಲ್ ಮಾದರಿಯ ಲಿನಕ್ಸ್‌ನಲ್ಲಿ ಓದುವುದಕ್ಕೆ 0, ಬರೆಯುವುದಕ್ಕೆ 1. ಬಳಿಕ ಆ ಸೂಚನೆಯನ್ನು ಕೊಡುತ್ತದೆ. ದರ್ಜೆ ಏರುವುದೂ ಕರ್ನಲ್ ಮೊದಲೇ ಗೊತ್ತುಪಡಿಸಿಟ್ಟ ವಿಳಾಸಕ್ಕೆ ಜಿಗಿಯುವುದೂ ಒಂದೇ ಹೊಡೆತದಲ್ಲಿ ಆಗುತ್ತವೆ. ಇವೆರಡನ್ನು ಬೇರ್ಪಡಿಸಲಾಗದು ಎಂಬುದರಲ್ಲಿಯೇ ಭದ್ರತೆಯ ಗುಟ್ಟಿದೆ: ಅಧಿಕಾರ ಸಿಗುವ ಕ್ಷಣದಲ್ಲಿ ಓಡುತ್ತಿರುವುದು ಪ್ರೋಗ್ರಾಂನ ಸೂಚನೆಯಲ್ಲ, ಕರ್ನಲ್‌ನ ಸೂಚನೆ.

ಹೆಜ್ಜೆ 3: ಬಾಗಿಲನ್ನು ಬೇರೆಡೆಗೆ ತಿರುಗಿಸುವುದು

ಹಿಂದಿನ ಆದೇಶವನ್ನೇ ಮತ್ತೆ ಕೊಡಿ. ಆದರೆ ಕೊನೆಯಲ್ಲಿ ಎಡಕ್ಕೆ ಬಾಯಿ, ಬಲಕ್ಕೆ ಮೊನೆ ಇರುವ ಕೋನಚಿಹ್ನೆ ಹಾಕಿ ‘ಪದ’ ಎಂಬ ಫೈಲ್ ಹೆಸರನ್ನು ಬರೆಯಿರಿ. ಹೆಸರು ಕನ್ನಡದಲ್ಲಿಯೇ ಇರಲಿ. ಈ ಬಾರಿ ಪದ ಪರದೆಯ ಮೇಲೆ ಬರದೆ ಫೈಲಿಗೆ ಹೋಗುತ್ತದೆ. ಸ್ಟ್ರೇಸ್‌ನ ಸಾಲುಗಳು ಮಾತ್ರ ಮೊದಲಿನಂತೆ ಪರದೆಯ ಮೇಲೆ ಕಾಣುತ್ತವೆ. ರೈಟ್ ಸಾಲನ್ನು ಹುಡುಕಿ ಹಿಂದಿನದರೊಂದಿಗೆ ಹೋಲಿಸಿ. ಎರಡೂ ಒಂದೇ. ಅದೇ 1, ಅದೇ ಬೈಟ್‌ಗಳು, ಅದೇ 16. ತಾನು ಪರದೆಗೆ ಬರೆಯುತ್ತಿದ್ದೇನೆಯೋ ಫೈಲಿಗೆ ಬರೆಯುತ್ತಿದ್ದೇನೆಯೋ ಎಂಬುದರ ಗೊಡವೆಯೇ ಇಲ್ಲದೆ ಎಕೋ ತನ್ನ ಕೆಲಸ ಮುಗಿಸಿದೆ.

ಇದು ಸಾಧ್ಯವಾಗುವುದು ಯೂನಿಕ್ಸ್ ಪರಂಪರೆಯ ಒಂದು ವಿಶಿಷ್ಟ ತೀರ್ಮಾನದಿಂದ. ಹೊಸ ಪ್ರೋಗ್ರಾಂ ಒಂದನ್ನು ಆರಂಭಿಸುವ ಕೆಲಸವನ್ನು ಅಲ್ಲಿ ಎರಡಾಗಿ ಸೀಳಿದ್ದಾರೆ. ‘ಫೋರ್ಕ್’ ಎಂಬ ಕರೆ ಈಗಿರುವ ಪ್ರೋಸೆಸ್‌ನ, ಅಂದರೆ ಓಡುತ್ತಿರುವ ಪ್ರೋಗ್ರಾಂನ, ನಕಲೊಂದನ್ನು ಹುಟ್ಟಿಸುತ್ತದೆ. ‘ಎಕ್ಸೆಕ್’ ಎಂಬ ಕರೆ ಆ ನಕಲಿನೊಳಗೆ ಹೊಸ ಪ್ರೋಗ್ರಾಂ ಅನ್ನು ತುಂಬುತ್ತದೆ. ಮೊದಲ ನೋಟಕ್ಕೆ ಇದು ಸುತ್ತುಬಳಸಿನ ದಾರಿ. ಆದರೆ ನಕಲು ಹುಟ್ಟಿ ಹೊಸ ಪ್ರೋಗ್ರಾಂ ತುಂಬಿಕೊಳ್ಳುವ ನಡುವೆ ಒಂದು ಸಣ್ಣ ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ, ನಮ್ಮ ಆದೇಶಗಳನ್ನು ಓದಿ ನಡೆಸುವ ಶೆಲ್ ಎಂಬ ಪ್ರೋಗ್ರಾಂನ ನಕಲು 1ನೆಯ ಬಾಗಿಲನ್ನು ಮುಚ್ಚಿ, ‘ಪದ’ ಫೈಲನ್ನು ತೆರೆದು, ಅದನ್ನೇ 1ನೆಯ ಬಾಗಿಲಾಗಿ ಕೂರಿಸುತ್ತದೆ. ಆಮೇಲೆ ಬಂದ ಪ್ರೋಗ್ರಾಂಗೆ ಹಿಂದಿನ ಕಥೆ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

‘ಪಿಎಸ್-ಟ್ರೀ’ ಆದೇಶವನ್ನು ನಡುಗೆರೆಯಿಲ್ಲದೆ ಒಂದೇ ಪದವಾಗಿ ಕೊಟ್ಟರೆ ಹೀಗೆ ಹುಟ್ಟಿದ ಪ್ರೋಸೆಸ್‌ಗಳ ವಂಶವೃಕ್ಷ ಕಾಣುತ್ತದೆ. ಅದರ ಬೇರಿನಲ್ಲಿರುವುದು ಯಂತ್ರ ಆರಂಭವಾದಾಗ ಕರ್ನಲ್ ಕೈಯಾರೆ ಹುಟ್ಟಿಸಿದ 1ನೆಯ ಸಂಖ್ಯೆಯ ಪ್ರೋಸೆಸ್. ಉಳಿದ ಪ್ರೋಗ್ರಾಂಗಳೆಲ್ಲ ಅದರ ಮಕ್ಕಳು, ಮೊಮ್ಮಕ್ಕಳು.

ಹೆಜ್ಜೆ 4: ಗಂಟೆಯ ಸದ್ದು

ಎಕೋ ಸಭ್ಯವಾದ ಪ್ರೋಗ್ರಾಂ. ಕೇಳಿತು, ಪಡೆಯಿತು, ಹೋಯಿತು. ಆದರೆ ಏನನ್ನೂ ಕೇಳದೆ ಲೆಕ್ಕ ಹಾಕುತ್ತಲೇ ಇರುವ ಪ್ರೋಗ್ರಾಂ ಬಂದರೆ ಕರ್ನಲ್ ಏಳುವುದು ಹೇಗೆ? ಒಂದು ಪ್ರೊಸೆಸರ್ ಕೋರ್‌ನಲ್ಲಿ ಆ ಪ್ರೋಗ್ರಾಂ ಓಡುತ್ತಿದೆ ಎಂದಮೇಲೆ ಆ ಕೋರ್‌ನಲ್ಲಿ ಕರ್ನಲ್ ಓಡುತ್ತಿಲ್ಲ. ಓಡದೆ ಇರುವವನು ಓಡುವವನನ್ನು ತಡೆಯುವುದು ಹೇಗೆ ಎಂಬುದೇ ಆಪರೇಟಿಂಗ್ ಸಿಸ್ಟಂ ವಿನ್ಯಾಸದ ಅತ್ಯಂತ ಸೊಗಸಾದ ಪ್ರಶ್ನೆ. ಉತ್ತರ ಯಂತ್ರಾಂಶದಲ್ಲಿದೆ. ಪ್ರೋಗ್ರಾಂನ ಕೈಗೆ ಪ್ರೊಸೆಸರನ್ನು ಒಪ್ಪಿಸುವ ಮೊದಲು ಕರ್ನಲ್ ಗಡಿಯಾರವೊಂದಕ್ಕೆ ಅಲಾರಂ ಇಟ್ಟಿರುತ್ತದೆ. ಹೊತ್ತು ಮುಗಿದಾಗ ಆ ಗಡಿಯಾರ ಪ್ರೊಸೆಸರನ್ನು ತಟ್ಟುತ್ತದೆ, ಪ್ರೊಸೆಸರ್ ನಡೆಯುತ್ತಿದ್ದ ಕೆಲಸವನ್ನು ಇದ್ದಲ್ಲಿಯೇ ನಿಲ್ಲಿಸಿ ಕರ್ನಲ್‌ನೊಳಗೆ ಜಿಗಿಯುತ್ತದೆ. ಇದೇ ಟೈಮರ್ ಇಂಟರಪ್ಟ್.

‘ಪ್ರಾಕ್’, ಅಂದರೆ ಪಿ-ಆರ್-ಒ-ಸಿ ಎಂಬ ನಾಲ್ಕಕ್ಷರದ ಡೈರೆಕ್ಟರಿಯಲ್ಲಿರುವ ‘ಇಂಟರಪ್ಟ್ಸ್’ ಫೈಲನ್ನು ‘ಕ್ಯಾಟ್’ ಆದೇಶದಿಂದ ಓದಿ, ‘ಎಲ್‌ಒಸಿ’ ಎಂದು ಆರಂಭವಾಗುವ ಸಾಲನ್ನು ನೋಡಿ. ಕೆಲವು ಕ್ಷಣ ಬಿಟ್ಟು ಮತ್ತೆ ಓದಿ. ಸಂಖ್ಯೆಗಳು ಏರಿರುತ್ತವೆ. ಒಂದೊಂದು ಏರಿಕೆಯೂ ಒಮ್ಮೆ ಗಂಟೆ ಬಾರಿಸಿದ್ದಕ್ಕೆ ಗುರುತು. 1990ರ ದಶಕದ ವಿಂಡೋಸ್ 3.1ರಲ್ಲಿ ಪ್ರೋಗ್ರಾಂಗಳು ತಾವಾಗಿಯೇ ಸರದಿ ಬಿಟ್ಟುಕೊಡಬೇಕಿತ್ತು. ಒಂದು ಹಟ ಹಿಡಿದರೆ ಉಳಿದವೂ ಸ್ತಬ್ಧವಾಗುತ್ತಿದ್ದವು.

ಸರದಿಯ ಹಂಚಿಕೆಯನ್ನು ಅಳೆದು ನೋಡುವುದು ಸುಲಭ. ‘ಯೆಸ್’ ಎಂಬ ಪ್ರೋಗ್ರಾಂ ಒಂದೇ ಅಕ್ಷರವನ್ನು ಕೊನೆಯಿಲ್ಲದೆ ಬರೆಯುತ್ತಿರುತ್ತದೆ. ‘ಟಾಸ್ಕ್‌ಸೆಟ್’ ಆದೇಶಕ್ಕೆ ಮೈನಸ್ ಸಿ ಹಾಗೂ ಸೊನ್ನೆಯನ್ನು ಕೊಟ್ಟು, ಯೆಸ್ ಎಂದು ಬರೆದು, ಬರಹವನ್ನು ‘ಡೆವ್’ ಡೈರೆಕ್ಟರಿಯ ‘ನಲ್’ ಎಂಬ ಸಾಧನಕ್ಕೆ ತಿರುಗಿಸಿ, ಕೊನೆಯಲ್ಲಿ ಆಂಪರ್‌ಸ್ಯಾಂಡ್ ಚಿಹ್ನೆಯನ್ನು ಹಾಕಿ. ಇದರಿಂದ ಅದು ಮೊದಲನೆಯ ಕೋರ್‌ಗೆ ಮಾತ್ರ ಕಟ್ಟುಬಿದ್ದು ಹಿನ್ನೆಲೆಯಲ್ಲಿ ಓಡುತ್ತದೆ. ಇದೇ ಆದೇಶವನ್ನು ಅದೇ ಟರ್ಮಿನಲ್‌ನಲ್ಲಿ ಇನ್ನೊಮ್ಮೆ ಕೊಟ್ಟು, ಯಾವ ಪ್ರೋಸೆಸ್‌ಗೆ ಪ್ರೊಸೆಸರಿನ ಎಷ್ಟು ಹೊತ್ತು ಸಿಗುತ್ತಿದೆ ಎಂದು ತೋರಿಸುವ ‘ಟಾಪ್’ ತೆರೆದರೆ ಎರಡು ಯೆಸ್‌ಗಳೂ ಹೆಚ್ಚುಕಡಿಮೆ ಶೇ. 50ರಷ್ಟು ಪಡೆಯುತ್ತಿರುವುದು ಕಾಣುತ್ತದೆ. ಕ್ಯೂ ಒತ್ತಿ ಟಾಪ್‌ನಿಂದ ಹೊರಬಂದು, ‘ರಿನೈಸ್’ ಆದೇಶಕ್ಕೆ ಮೈನಸ್ ಎನ್ ಮತ್ತು 5ನ್ನೂ, ಮೈನಸ್ ಪಿ ಜೊತೆಗೆ ಒಂದು ಯೆಸ್‌ನ ಪ್ರೋಸೆಸ್ ಸಂಖ್ಯೆಯನ್ನೂ ಕೊಡಿ. ಮತ್ತೆ ಟಾಪ್ ನೋಡಿದರೆ ಅದರ ಪಾಲು ನೂರಕ್ಕೆ ಇಪ್ಪತ್ತೈದರ ಆಸುಪಾಸಿಗೆ ಇಳಿದಿರುತ್ತದೆ. 19 ಕೊಟ್ಟರೆ ಒಂದೂವರೆಗೆ ಬೀಳುತ್ತದೆ.

ಈ ಸಂಖ್ಯೆಗಳು ಕಾಕತಾಳೀಯವಲ್ಲ. ರಿನೈಸ್‌ಗೆ ನಾವು ಕೊಟ್ಟ ಸಂಖ್ಯೆಗೆ ನೈಸ್ ಮಟ್ಟ ಎಂದು ಹೆಸರು. ಲಿನಕ್ಸ್ ಪ್ರತಿ ನೈಸ್ ಮಟ್ಟಕ್ಕೂ ಒಂದು ತೂಕವನ್ನು ಗೊತ್ತುಮಾಡಿದೆ: 0ಗೆ 1024, 5ಕ್ಕೆ 335, 19ಕ್ಕೆ 15. ತೂಕದ ಅನುಪಾತದಲ್ಲಿ ಹೊತ್ತು ಹಂಚಿಕೆಯಾಗುತ್ತದೆ; 335ನ್ನು ಒಟ್ಟು 1359ರಿಂದ ಭಾಗಿಸಿ ನೋಡಿ. 2007ರಲ್ಲಿ ಇಂಗೊ ಮೋಲ್ನಾರ್ ಬರೆದ ಸಿಎಫ್‌ಎಸ್ ಎಂಬ ಪದ್ಧತಿ ಪಂಕ್ತಿಯಲ್ಲಿ ಬಡಿಸುವವರ ನ್ಯಾಯವನ್ನು ಹೋಲುತ್ತಿತ್ತು: ಯಾರ ಎಲೆಗೆ ಇದುವರೆಗೆ ಕಡಿಮೆ ಬಿದ್ದಿದೆಯೋ ಮುಂದಿನ ಸೌಟು ಅವರಿಗೆ. 2023ರಲ್ಲಿ ಹೊರಬಂದ 6.6ನೆಯ ಆವೃತ್ತಿಯಿಂದ ಅದರ ಜಾಗಕ್ಕೆ ಇಇವಿಡಿಎಫ್ ಎಂಬ ಪದ್ಧತಿ ಬಂದಿದೆ. ಅದು ಪಾಲಿನ ಜೊತೆಗೆ ಯಾರಿಗೆ ಎಷ್ಟು ಬೇಗ ಬಡಿಸಬೇಕೆಂಬ ಗಡುವನ್ನೂ ನೋಡುತ್ತದೆ. ಪ್ರಯೋಗ ಮುಗಿದಮೇಲೆ ‘ಪಿಕಿಲ್ ಯೆಸ್’ ಎಂದು ಕೊಟ್ಟು ಎರಡನ್ನೂ ನಿಲ್ಲಿಸಲು ಮರೆಯಬೇಡಿ.

ಹೆಜ್ಜೆ 5: ಮೆಮೊರಿಯ ಸರ್ವೆ ನಂಬರ್

ಪ್ರಾಕ್ ಡೈರೆಕ್ಟರಿಯೊಳಗಿನ ‘ಸೆಲ್ಫ್’ ಡೈರೆಕ್ಟರಿಯಲ್ಲಿರುವ ‘ಮ್ಯಾಪ್ಸ್’ ಫೈಲನ್ನು ಕ್ಯಾಟ್‌ನಿಂದ ಓದಿ. ಕ್ಯಾಟ್ ಪ್ರೋಗ್ರಾಂ ತನ್ನದೇ ಮೆಮೊರಿಯ ನಕ್ಷೆಯನ್ನು ನಿಮಗೆ ತೋರಿಸುತ್ತದೆ. ಎರಡು ಬಾರಿ ಓದಿದರೆ ವಿಳಾಸಗಳು ಬದಲಾಗಿರುವುದನ್ನು ಗಮನಿಸುವಿರಿ. ದಾಳಿಕೋರರಿಗೆ ಊಹಿಸಲು ಆಗದಿರಲೆಂದು ಕರ್ನಲ್ ಬೇಕೆಂದೇ ಹಾಗೆ ಮಾಡುತ್ತದೆ.

ಈ ವಿಳಾಸಗಳು ನಿಜವಾದ ಮೆಮೊರಿ ಚಿಪ್ಪಿನ ವಿಳಾಸಗಳಲ್ಲ. ನಮ್ಮ ಹಳ್ಳಿಗಳ ಸರ್ವೆ ನಂಬರನ್ನು ನೆನೆದುಕೊಳ್ಳಿ. 45ನೆಯ ಸರ್ವೆ ನಂಬರ್ ಈ ಊರಿನಲ್ಲಿಯೂ ಇರುತ್ತದೆ, ಪಕ್ಕದ ಊರಿನಲ್ಲಿಯೂ ಇರುತ್ತದೆ. ಜಮೀನು ಮಾತ್ರ ಬೇರೆ ಬೇರೆ. ಪ್ರತಿ ಪ್ರೋಸೆಸ್ಸೂ ಒಂದೊಂದು ಊರು. ಅದರ ಪಹಣಿ ಪುಸ್ತಕವೇ ಪೇಜ್ ಟೇಬಲ್. ಇಂಟೆಲ್ ಮಾದರಿಯ ಯಂತ್ರಗಳಲ್ಲಿ ಮೆಮೊರಿಯನ್ನು ಸಾಮಾನ್ಯವಾಗಿ 4096 ಬೈಟ್‌ಗಳ ಪುಟಗಳಾಗಿ ವಿಂಗಡಿಸಿ, ಯಾವ ಊರಿನ ಯಾವ ಪುಟಕ್ಕೆ ಚಿಪ್ಪಿನ ಯಾವ ಜಾಗ ಎಂಬುದನ್ನು ಕರ್ನಲ್ ಅಲ್ಲಿ ಬರೆದಿಡುತ್ತದೆ. ಆ ಪುಸ್ತಕವನ್ನು ಪ್ರತಿ ಸಲ ತಿರುವುವುದು ಪ್ರೊಸೆಸರಿನ ಯಂತ್ರಾಂಶವೇ. ಕರ್ನಲ್ ಅಡ್ಡ ಬರುವುದಿಲ್ಲ. ನಮೂದು ಸಿಗದಿದ್ದಾಗ ಮಾತ್ರ ಗಂಟೆ ಬಾರಿಸುತ್ತದೆ. ಇದನ್ನು ಪೇಜ್ ಫಾಲ್ಟ್ ಎನ್ನುತ್ತಾರೆ. ಮ್ಯಾಂಚೆಸ್ಟರ್‌ನ ಅಟ್ಲಾಸ್ ಯಂತ್ರದಲ್ಲಿ 1962ರಲ್ಲಿಯೇ ಕಾಣಿಸಿಕೊಂಡ ಉಪಾಯವಿದು.

ಕರ್ನಲ್ ಇಲ್ಲಿ ಬಹಳ ಜಾಣತನದಿಂದ ಸೋಮಾರಿಯಾಗಿರುತ್ತದೆ. ಪ್ರೋಗ್ರಾಂ ಮೆಮೊರಿ ಕೇಳಿದಾಗ ‘ಕೊಟ್ಟಿದ್ದೇನೆ’ ಎಂದು ಲೆಕ್ಕದಲ್ಲಷ್ಟೇ ಬರೆದುಕೊಳ್ಳುತ್ತದೆ. ಆ ಜಾಗವನ್ನು ಪ್ರೋಗ್ರಾಂ ಮೊದಲ ಬಾರಿಗೆ ಮುಟ್ಟಿ ಪೇಜ್ ಫಾಲ್ಟ್ ಆದಾಗಲೇ ನಿಜವಾದ ಪುಟವನ್ನು ಹುಡುಕಿಕೊಡುತ್ತದೆ. ‘ಪಿಎಸ್’ ಆದೇಶಕ್ಕೆ ‘ಎಯುಎಕ್ಸ್’ ಸೇರಿಸಿ ಕೊಟ್ಟರೆ ವಿಎಸ್‌ಝಡ್ ಎಂಬ ಕಾಲಂನಲ್ಲಿ ಬರೆದುಕೊಟ್ಟದ್ದೂ, ಆರ್‌ಎಸ್‌ಎಸ್ ಕಾಲಂನಲ್ಲಿ ನಿಜವಾಗಿ ಮೆಮೊರಿಯಲ್ಲಿರುವುದೂ ಕಾಣುತ್ತವೆ. ಬ್ರೌಸರಿನ ಸಾಲಿನಲ್ಲಿ ಮೊದಲನೆಯ ಸಂಖ್ಯೆ ನಿಮ್ಮ ಯಂತ್ರದ ಒಟ್ಟು ಮೆಮೊರಿಯನ್ನೇ ಮೀರಿದ್ದರೂ ಆಶ್ಚರ್ಯಪಡಬೇಕಾಗಿಲ್ಲ.

ಫೋರ್ಕ್‌ನ ನಕಲು ಅಗ್ಗವಾಗುವುದೂ ಇದರಿಂದಲೇ. ತಾಯಿ ಮತ್ತು ಮಗು ಆರಂಭದಲ್ಲಿ ಒಂದೇ ಪುಟಗಳನ್ನು ಓದುವುದಕ್ಕೆ ಹಂಚಿಕೊಂಡಿರುತ್ತವೆ. ಯಾರಾದರೂ ಬರೆಯಹೊರಟಾಗ ಆ ಒಂದು ಪುಟವನ್ನು ಮಾತ್ರ ಕರ್ನಲ್ ನಕಲಿಸುತ್ತದೆ. ಈ ಸೂಕ್ಷ್ಮ ಕೆಲಸದಲ್ಲಿ ಕ್ಷಣದ ಹೊಂದಾಣಿಕೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2016ರಲ್ಲಿ ಬಯಲಾದ ‘ಡರ್ಟಿ ಕೌ’ ದೋಷ ಸಾಕ್ಷಿ; ಓದಲು ಮಾತ್ರ ಅನುಮತಿಯಿದ್ದ ಫೈಲಿಗೆ ಬರೆಯಲು ದಾರಿ ಮಾಡಿಕೊಟ್ಟ ಆ ಬಿರುಕು ಲಿನಕ್ಸ್‌ನಲ್ಲಿ ಸುಮಾರು ಒಂಬತ್ತು ವರ್ಷ ಅಡಗಿತ್ತು.

‘ಫ್ರೀ’ ಆದೇಶವನ್ನು ಕೊಟ್ಟು ಖಾಲಿ ಮೆಮೊರಿ ಕಡಿಮೆ ಇದೆಯೆಂದು ಚಿಂತಿಸುವವರು ‘ಅವೈಲಬಲ್’ ಎಂಬ ಕಾಲಂ ನೋಡಬೇಕು. ಓದಿದ ಫೈಲುಗಳ ಪ್ರತಿಗಳನ್ನು ಕರ್ನಲ್ ಬಿಡುವಿನ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ.

ಹೆಜ್ಜೆ 6: ಫೈಲಿನ ಹೆಸರೂ ಫೈಲೂ ಬೇರೆ

ಮೂರನೆಯ ಹೆಜ್ಜೆಯಲ್ಲಿ ಹುಟ್ಟಿದ ‘ಪದ’ ಫೈಲಿಗೆ ಮರಳೋಣ. ‘ಎಲ್‌ಎಸ್’ ಆದೇಶವನ್ನು ಮೈನಸ್ ಐ ಆಯ್ಕೆಯೊಂದಿಗೆ ಕೊಟ್ಟರೆ ಹೆಸರಿನ ಹಿಂದೆ ಒಂದು ಸಂಖ್ಯೆ ಬರುತ್ತದೆ. ಫೈಲಿನ ನಿಜವಾದ ಗುರುತು ಅದು. ಐನೋಡ್ ಸಂಖ್ಯೆ ಎಂದು ಅದರ ಹೆಸರು. ‘ಎಲ್‌ಎನ್ ಪದ ಮಾತು’ ಎಂದು ಕೊಟ್ಟು ಮತ್ತೆ ನೋಡಿ. ಪದ, ಮಾತು ಎಂಬ ಎರಡು ಹೆಸರುಗಳಿಗೂ ಒಂದೇ ಸಂಖ್ಯೆ ಇರುತ್ತದೆ. ‘ಆರ್‌ಎಂ ಪದ’ ಎಂದು ಮೊದಲನೆಯದನ್ನು ಅಳಿಸಿ, ‘ಕ್ಯಾಟ್ ಮಾತು’ ಎಂದರೆ ‘ಕನ್ನಡ’ ಹಾಗೆಯೇ ಬರುತ್ತದೆ. ಡೈರೆಕ್ಟರಿ ಎಂಬುದು ಹೆಸರಿಗೂ ಸಂಖ್ಯೆಗೂ ಜೋಡಿ ಹಾಕಿದ ಒಂದು ಪಟ್ಟಿ, ಅಷ್ಟೆ. ಕೊನೆಯ ಹೆಸರೂ ಹೋಗಿ, ಅದನ್ನು ತೆರೆದಿಟ್ಟುಕೊಂಡ ಕೊನೆಯ ಪ್ರೋಗ್ರಾಂ ಕೂಡ ಕೈಬಿಟ್ಟಾಗ ಮಾತ್ರ ಡಿಸ್ಕಿನ ಜಾಗ ಬಿಡುಗಡೆಯಾಗುತ್ತದೆ. ದೊಡ್ಡ ಫೈಲನ್ನು ಅಳಿಸಿದರೂ ಜಾಗ ಮರಳಲಿಲ್ಲವೆಂದು ಕಂಗೆಡುವ ಸರ್ವರ್ ನಿರ್ವಾಹಕರು ನೋಡಬೇಕಾದ ಜಾಗ ಇದು.

ಕನ್ನಡದಲ್ಲಿ ಫೈಲುಗಳಿಗೆ ಹೆಸರಿಡುವವರು ತಿಳಿದಿರಬೇಕಾದ ಎರಡು ಸಂಗತಿಗಳಿವೆ. ಲಿನಕ್ಸ್‌ನ ಎಕ್ಸ್ಟ್4 ಫೈಲ್ ವ್ಯವಸ್ಥೆಯಲ್ಲಿ ಹೆಸರಿನ ಮಿತಿ 255 ಬೈಟ್, ಅಕ್ಷರವಲ್ಲ, ಬೈಟ್. ಅಂದರೆ ಕನ್ನಡಕ್ಕೆ 85 ಸಂಕೇತಗಳು. ‘ಸ್ತ್ರೀ’ ಎಂಬ ಒಂದೇ ಅಕ್ಷರ ಆರು ಸಂಕೇತಗಳಾಗಿ 18 ಬೈಟ್ ನುಂಗುವುದರಿಂದ ಅಂತಹ ಹದಿನಾಲ್ಕು ಅಕ್ಷರಗಳಿಗೇ ಹೆಸರು ತುಂಬಿಬಿಡುತ್ತದೆ. ಎರಡನೆಯದಾಗಿ, ‘ಕೋ’ ಎಂಬುದರ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ, ಬಿಡಿಸಿದ ಸಂಕೇತಗಳಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಬೈಟ್ ಮಾತ್ರ ನೋಡುವ ಕರ್ನಲ್‌ಗೆ ಬೇರೆ ಬೇರೆ. ಒಂದೇ ಡೈರೆಕ್ಟರಿಯಲ್ಲಿ ‘ಕೋಲಾರ’ ಎಂಬ ಎರಡು ಫೈಲುಗಳು ಅಕ್ಕಪಕ್ಕ ಕುಳಿತಿದ್ದರೆ ಡಿಸ್ಕ್ ಕೆಟ್ಟಿದೆಯೆಂದು ಭಾವಿಸಬೇಡಿ.

ಇನ್ನು ಅತ್ಯಂತ ಮುಖ್ಯವಾದ ಮಾತು. ರೈಟ್ ಕರೆಗೆ ಕರ್ನಲ್ 16 ಎಂದು ಉತ್ತರಿಸಿದಾಗ ನಮ್ಮ ಪದ ಡಿಸ್ಕಿಗೆ ಹೋಗಿರಲಿಲ್ಲ. ಅದು ಮೆಮೊರಿಯ ಒಂದು ಪುಟದಲ್ಲಿ ‘ಇನ್ನೂ ಬರೆಯಬೇಕಾದದ್ದು’ ಎಂಬ ಗುರುತಿನೊಂದಿಗೆ ಕಾಯುತ್ತಿತ್ತು. ರೂಢಿಯ ಹೊಂದಿಕೆಯಲ್ಲಿ ಬರೆಯುವ ಕೆಲಸಗಾರ ಐದು ಸೆಕೆಂಡಿಗೊಮ್ಮೆ ಎದ್ದು, ಮೂವತ್ತು ಸೆಕೆಂಡಿಗಿಂತ ಹಳೆಯದಾದ ಪುಟಗಳನ್ನು ಡಿಸ್ಕಿಗೆ ಸಾಗಿಸುತ್ತಾನೆ. ಈ ಪಾಠವನ್ನು ನಾನು ಕಲಿತದ್ದು ನಷ್ಟದಿಂದ. ಮನೆಯ ಸಮಾರಂಭವೊಂದರ ಚಿತ್ರಗಳನ್ನು ಪೆನ್‌ಡ್ರೈವಿಗೆ ನಕಲಿಸಿ, ಪರದೆಯ ಪಟ್ಟಿ ತುಂಬಿದ ಕೂಡಲೇ ಎಳೆದುಕೊಂಡು ಮುದ್ರಣದ ಅಂಗಡಿಗೆ ಹೋಗಿದ್ದೆ. ಹೆಸರುಗಳೆಲ್ಲ ಇದ್ದವು, ಹಲವು ಫೈಲುಗಳ ಒಳಗೆ ಏನೂ ಇರಲಿಲ್ಲ. ಪಟ್ಟಿ ತುಂಬಿದ್ದು ಮೆಮೊರಿಗೆ ನಕಲಾದದ್ದರ ಲೆಕ್ಕವಾಗಿತ್ತು.

ಇದನ್ನೂ ನೋಡಬಹುದು. ದೊಡ್ಡ ಫೈಲೊಂದನ್ನು ನಕಲಿಸಿ, ತಕ್ಷಣವೇ ಪ್ರಾಕ್ ಡೈರೆಕ್ಟರಿಯ ‘ಮೆಮ್‌ಇನ್ಫೊ’ ಫೈಲಿನಲ್ಲಿರುವ ‘ಡರ್ಟಿ’ ಸಾಲನ್ನು ಓದಿ; ನಂತರ ‘ಸಿಂಕ್’, ಅಂದರೆ ಎಸ್-ವೈ-ಎನ್-ಸಿ ಆದೇಶ ಕೊಟ್ಟು ಮತ್ತೆ ಓದಿ. ಸಂಖ್ಯೆ ಕುಸಿದಿರುತ್ತದೆ. ಪೆನ್‌ಡ್ರೈವಿನಿಂದ ಓಡಿಸುತ್ತಿರುವ ಉಬುಂಟುವಿನಲ್ಲಿ ಫೈಲುಗಳು ಮೆಮೊರಿಯಲ್ಲಿಯೇ ಇರುವುದರಿಂದ ಈ ಪ್ರಯೋಗ ಫಲಿಸದು. ಸ್ವತಃ ಪ್ರೋಗ್ರಾಂ ಬರೆಯುವವರು ಮುಖ್ಯ ಫೈಲನ್ನು ಇದ್ದಲ್ಲಿಯೇ ತಿದ್ದಬಾರದು. ಹೊಸ ಹೆಸರಿನಲ್ಲಿ ಬರೆದು, ‘ಎಫ್‌ಸಿಂಕ್’ ಕರೆ ಮಾಡಿ, ಆಮೇಲೆ ಹಳೆಯ ಹೆಸರಿಗೆ ಬದಲಿಸಬೇಕು. ನಡುವೆ ಕರೆಂಟು ಹೋದರೂ ಹಳೆಯದೋ ಹೊಸದೋ ಒಂದು ಪೂರ್ತಿಯಾಗಿ ಉಳಿಯುತ್ತದೆ.

ಹೆಜ್ಜೆ 7: ಒಳಮನೆಯಲ್ಲಿ ಎಷ್ಟು ಜನ ಇರಬೇಕು

‘ಎಲ್‌ಎಸ್-ಮಾಡ್’ ಆದೇಶವನ್ನು, ಇದನ್ನೂ ನಡುಗೆರೆಯಿಲ್ಲದೆ, ಕೊಟ್ಟರೆ ಕರ್ನಲ್‌ನೊಳಗೆ ಬಂದು ಸೇರಿರುವ, ಸಾಧನಗಳನ್ನು ನಡೆಸುವ ಡ್ರೈವರ್‌ ಮೊದಲಾದ ತುಣುಕುಗಳ ಪಟ್ಟಿ ಬರುತ್ತದೆ. ಇವೆಲ್ಲವೂ 0 ದರ್ಜೆಯಲ್ಲಿ ಓಡುತ್ತವೆ; ಒಂದು ಎಡವಿದರೆ ಇಡೀ ಮನೆ ಬೀಳಬಹುದು. ಡ್ರೈವರ್‌ಗಳನ್ನು ಹೊರಗಿಟ್ಟು ಕರ್ನಲ್ ಅನ್ನು ಚಿಕ್ಕದಾಗಿಸಬೇಕೆಂದು ಕಂಪ್ಯೂಟರ್ ವಿಜ್ಞಾನದ ಪ್ರಾಧ್ಯಾಪಕ ಆಂಡ್ರ್ಯೂ ಟಾನೆನ್‌ಬಾಮ್ 1992ರಲ್ಲಿ ಟೊರ್ವಾಲ್ಡ್ಸ್ ಜೊತೆ ಬಹಿರಂಗವಾಗಿ ವಾದಿಸಿದ್ದರು. ವೇಗದ ದೃಷ್ಟಿಯಿಂದ ಲಿನಕ್ಸ್ ದೊಡ್ಡ ಕರ್ನಲ್ ಆಗಿಯೇ ಉಳಿಯಿತು. ಆದರೂ ಟಾನೆನ್‌ಬಾಮ್ ಅವರ ಆತಂಕ ಹಳತಾಗಿಲ್ಲ ಎಂದೇ ನನ್ನ ಅಭಿಪ್ರಾಯ. 2024ರ ಜುಲೈ 19ರಂದು ವಿಂಡೋಸ್ ಕರ್ನಲ್‌ನೊಳಗೆ ಓಡುವ ಒಂದು ಭದ್ರತಾ ತಂತ್ರಾಂಶಕ್ಕೆ ಬಂದ ದೋಷಪೂರಿತ ಅಪ್‌ಡೇಟ್‌ನಿಂದ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ, ಸುಮಾರು 85 ಲಕ್ಷ ಯಂತ್ರಗಳು ನೆಲಕಚ್ಚಿದವು. ಭಾರತದ ವಿಮಾನ ನಿಲ್ದಾಣಗಳಲ್ಲಿಯೂ ಕೈಬರಹದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು.

ಹೆಜ್ಜೆ 8: ಒಂದು ಸಾಲನ್ನು ತೆಗೆದು ನೋಡುವುದು

ಹೊರಗಿನಿಂದ ನೋಡಿದ್ದು ಸಾಕೆನಿಸಿ, ಸಿ ಭಾಷೆ ಸ್ವಲ್ಪ ಬಲ್ಲವರಾಗಿದ್ದರೆ ಒಳಗೆ ಕೈ ಹಾಕಬಹುದು. ಲಿನಕ್ಸ್‌ನ ಕೋಟ್ಯಂತರ ಸಾಲುಗಳಿಗೆ ಇಳಿಯಬೇಡಿ. ಅಮೆರಿಕದ ಎಂಐಟಿಯಲ್ಲಿ ಬೋಧನೆಗೆಂದು 2006ರಲ್ಲಿ ಹುಟ್ಟಿದ ‘ಎಕ್ಸ್‌ವಿ6’ ಎಂಬ ಪುಟ್ಟ ಕರ್ನಲ್ ಇದೆ. ರಿಸ್ಕ್-ಫೈವ್ ಎಂಬ ಪ್ರೊಸೆಸರ್ ಮಾದರಿಗೆ ಬರೆದ ಅದರ ಆವೃತ್ತಿಯ ಮೂಲವನ್ನು ಇಳಿಸಿಕೊಂಡು, ರಿಸ್ಕ್-ಫೈವ್ ಕಂಪೈಲರನ್ನೂ ಕ್ಯೂಇಎಂಯು ಎಂಬ ಯಂತ್ರಾನುಕರಣೆಯನ್ನೂ ಹಾಕಿಕೊಂಡರೆ ಅದು ನಿಮ್ಮ ಟರ್ಮಿನಲ್‌ನಲ್ಲಿಯೇ ಓಡುತ್ತದೆ.

ಏನನ್ನೂ ಮಾಡದೆ ಸುತ್ತುತ್ತಲೇ ಇರುವ ಪ್ರೋಗ್ರಾಂ ಒಂದನ್ನು ಅದಕ್ಕೆ ಬರೆದು, ಮೇಕ್‌ಫೈಲ್‌ನ ಪ್ರೋಗ್ರಾಂ ಪಟ್ಟಿಗೆ ಸೇರಿಸಿ. ‘ಟ್ರ್ಯಾಪ್’ ಎಂಬ ಸಿ ಫೈಲಿನ ‘ಯೂಸರ್‌ಟ್ರ್ಯಾಪ್’ ಕಾರ್ಯದ ಕೊನೆಯ ಭಾಗದಲ್ಲಿ, ಗಂಟೆ ಬಾರಿಸಿದ್ದು ಗಡಿಯಾರವಾಗಿದ್ದರೆ ಸರದಿ ಬಿಟ್ಟುಕೊಡು ಎಂದು ಹೇಳುವ ‘ಯೀಲ್ಡ್’ ಕರೆಯಿದೆ. ಮೊದಲು ಅದನ್ನು ಮುಟ್ಟದೆ, ‘ಸಿಪಿಯುಎಸ್’ ಬೆಲೆಯನ್ನು 1 ಎಂದು ಕೊಟ್ಟು ಒಂದೇ ಪ್ರೊಸೆಸರಿನೊಂದಿಗೆ ಓಡಿಸಿ, ನಿಮ್ಮ ಪ್ರೋಗ್ರಾಂ ಅನ್ನು ಹಿನ್ನೆಲೆಯಲ್ಲಿ ಬಿಡಿ. ಶೆಲ್ ಎಂದಿನಂತೆ ಉತ್ತರಿಸುತ್ತದೆ. ಕಂಟ್ರೋಲ್ ಮತ್ತು ಎ ಒತ್ತಿ, ಆಮೇಲೆ ಎಕ್ಸ್ ಒತ್ತಿ ಹೊರಬನ್ನಿ. ಈಗ ಆ ಯೀಲ್ಡ್ ಸಾಲನ್ನು ತೆಗೆದು ಮತ್ತೆ ಹಾಗೆಯೇ ಓಡಿಸಿ.

ಶೆಲ್ ಸತ್ತಂತೆ ಕಾಣುತ್ತದೆ. ಆದರೆ ಕೀಲಿಗಳನ್ನು ಒತ್ತಿ ನೋಡಿ: ಒತ್ತಿದ ಅಕ್ಷರಗಳು ಪರದೆಯ ಮೇಲೆ ಒಂದೊಂದಾಗಿ ಮೂಡುತ್ತಲೇ ಇರುತ್ತವೆ. ಕೀಲಿ ಒತ್ತಿದಾಗ ಗಂಟೆ ಬಾರಿಸುತ್ತದೆ, ಕರ್ನಲ್ ಏಳುತ್ತದೆ, ಅಕ್ಷರವನ್ನು ಪಡೆದು ಪರದೆಗೆ ಹಾಕುತ್ತದೆ, ಶೆಲ್‌ಗೆ ಕೆಲಸವಿದೆಯೆಂದು ಗುರುತನ್ನೂ ಹಾಕುತ್ತದೆ; ಆದರೆ ಸರದಿ ಬದಲಿಸುವ ಸಾಲು ಇಲ್ಲದ ಕಾರಣ, ಸುತ್ತುತ್ತಿರುವ ಅದೇ ಪ್ರೋಗ್ರಾಂಗೆ ಪ್ರೊಸೆಸರನ್ನು ಮತ್ತೆ ಒಪ್ಪಿಸಿ ಸರಿದುಹೋಗುತ್ತದೆ.